ಒರೆಸಿದರೂ ಹೋಗದ ಚುಕ್ಕಿ: ರಿಯರ್ ಪ್ರೊಜೆಕ್ಷನ್ ಟಿವಿಯಲ್ಲಿ ಅದು ಕೂತಿರುವ ಜಾಗ ಹುಡುಕುವುದು

ರಿಯರ್ ಪ್ರೊಜೆಕ್ಷನ್ ಟಿವಿಯ, ಅಂದರೆ ಹಿಂದಿನಿಂದ ಪರದೆಗೆ ಚಿತ್ರ ಬೀಳಿಸುವ ಹಳೆಯ ದೊಡ್ಡ ಟಿವಿಯ, ಪರದೆಯ ಮೇಲೆ ಒಂದು ಚುಕ್ಕಿ. ಒಣ ಬಟ್ಟೆಯಲ್ಲಿ ಒರೆಸಿದಿರಿ, ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಒತ್ತಿ ಒರೆಸಿದಿರಿ, ಆಗಲೂ ಜಪ್ಪಯ್ಯ ಅನ್ನಲಿಲ್ಲ. ಈಗ ಕೈ ಗಾಜು ಒರೆಸುವ ಸ್ಪ್ರೇ ಬಾಟಲಿಯ ಕಡೆಗೆ ಹೋಗುತ್ತಿದೆ. ದಯವಿಟ್ಟು ಅಲ್ಲೇ ನಿಲ್ಲಿಸಿ.

ನಾನು ಒಮ್ಮೆ ನಿಲ್ಲಿಸಿರಲಿಲ್ಲ. 50 ಇಂಚಿನ ಡಿಎಲ್‌ಪಿ ಸೆಟ್ಟು (ಪುಟಾಣಿ ಕನ್ನಡಿಗಳ ಚಿಪ್‌ನಿಂದ ಚಿತ್ರ ಮಾಡುವ ಬಗೆ), ಎಡಗಡೆ ಮೇಲ್ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಬಿಳಿ ಚುಕ್ಕಿ. ಟಿವಿ ಆನ್ ಇಟ್ಟುಕೊಂಡೇ ಅರ್ಧ ಗಂಟೆ ತಿಕ್ಕಿದೆ. ಚುಕ್ಕಿ ಹೋಗಲಿಲ್ಲ, ಅದರ ಸುತ್ತ ಅಂಗೈ ಅಗಲದ ಜಾಗ ಮಾತ್ರ ಮಂಕಾಯಿತು. ಆಮೇಲೆ ಟಿವಿ ಆರಿಸಿ ಟಾರ್ಚ್ ಹಿಡಿದು ನೋಡಿದರೆ ಅಲ್ಲಿ ಚುಕ್ಕಿಯೇ ಇಲ್ಲ! ಅದು ಪರದೆಯ ಮೇಲೆ ಯಾವತ್ತೂ ಇರಲೇ ಇಲ್ಲ. ಪೆಟ್ಟಿಗೆಯ ಒಳಗಿನ ಚಿಪ್‌ನಲ್ಲಿತ್ತು. ನಾನು ಅಷ್ಟು ಹೊತ್ತು ತಿಕ್ಕಿದ್ದು ಬೆಳಕು ಬಂದು ಬೀಳುವ ಜಾಗವನ್ನು.

ಆದ್ದರಿಂದ ಈ ಕೈಪಿಡಿಯಲ್ಲಿ ಒರೆಸುವ ಮಾತು ತಡವಾಗಿ ಬರುತ್ತದೆ. ಮೊದಲು ಚುಕ್ಕಿಯ ವಿಳಾಸ ಪತ್ತೆ ಮಾಡೋಣ.

ಬೆಳಕು ಬರುವ ದಾರಿ

ಈ ಟಿವಿಗಳೆಂದರೆ ಮೂಲತಃ ಒಂದು ಪೆಟ್ಟಿಗೆಯೊಳಗೆ ಕೂರಿಸಿದ ಪ್ರೊಜೆಕ್ಟರ್. ಡಿಎಲ್‌ಪಿ, ಎಲ್‌ಸಿಡಿ ಮತ್ತು ಎಲ್‌ಕಾಸ್ (ಬೆಳಕನ್ನು ಪ್ರತಿಫಲಿಸುವ ಬಗೆಯ ಎಲ್‌ಸಿಡಿ) ಸೆಟ್‌ಗಳಲ್ಲಿ ಒಂದು ದೀಪ ಇರುತ್ತದೆ. ಅದರ ಬೆಳಕು ಬೆರಳಗಲದ ಚಿಪ್ ಅಥವಾ ಪ್ಯಾನೆಲ್ ಮೇಲೆ ಬಿದ್ದು ಚಿತ್ರವಾಗುತ್ತದೆ. ಆ ಚಿತ್ರ ಪ್ರೊಜೆಕ್ಷನ್ ಲೆನ್ಸ್ ದಾಟಿ ಹಿಂಬದಿಯ ದೊಡ್ಡ ಕನ್ನಡಿಗೆ ಬಡಿದು ಪರದೆಗೆ ಬರುತ್ತದೆ. ಹಳೆಯ ಸಿಆರ್‌ಟಿ ಸೆಟ್‌ಗಳಲ್ಲಿ ದೀಪ ಇಲ್ಲ, ಚಿಪ್ಪೂ ಇಲ್ಲ. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಪಿಕ್ಚರ್ ಟ್ಯೂಬ್‌ಗಳು ಇರುತ್ತವೆ.

ಪರದೆಯೂ ಒಂದೇ ಹಾಳೆಯಲ್ಲ. ಒಳಗಡೆಗೆ ಫ್ರೆನೆಲ್ ಹಾಳೆ. ಅದರ ಮೇಲೆ ಉಂಗುರ ಉಂಗುರವಾಗಿ ಗೀರುಗಳಿರುತ್ತವೆ, ಹರಡಿ ಬರುವ ಬೆಳಕನ್ನು ನೆಟ್ಟಗೆ ಮಾಡುವುದು ಅದರ ಕೆಲಸ. ಅದರ ಮುಂದೆ ಲೆಂಟಿಕ್ಯುಲರ್ ಹಾಳೆ. ಅದರಲ್ಲಿ ಮೇಲಿನಿಂದ ಕೆಳಗೆ ಸಣ್ಣ ಸಣ್ಣ ಏಣುಗಳಿರುತ್ತವೆ, ಕೋಣೆಯ ಆ ಮೂಲೆ ಈ ಮೂಲೆಯಲ್ಲಿ ಕೂತವರಿಗೂ ಚಿತ್ರ ಕಾಣುವಂತೆ ಬೆಳಕನ್ನು ಎಡಬಲಕ್ಕೆ ಹರಡುತ್ತದೆ. ಕೆಲವು ಸೆಟ್‌ಗಳಲ್ಲಿ ಇದರ ಮುಂದೆ ಇನ್ನೊಂದು ನುಣುಪಾದ ಅಕ್ರಿಲಿಕ್ ಹಾಳೆ ರಕ್ಷಣೆಗೆಂದು ಇರುತ್ತದೆ. ನಿಮ್ಮ ಸೆಟ್‌ನಲ್ಲಿ ಅದು ಇದೆಯೋ ಇಲ್ಲವೋ ಗೊತ್ತಾಗಲು ಬೆರಳ ತುದಿಯನ್ನು ಅಡ್ಡಡ್ಡ ಹಗುರವಾಗಿ ಆಡಿಸಿ. ತರಿತರಿ ಅನಿಸಿದರೆ ರಕ್ಷಣೆಯ ಹಾಳೆ ಇಲ್ಲ, ನಿಮ್ಮ ಬೆರಳು ನೇರವಾಗಿ ಏಣುಗಳ ಮೇಲೇ ಇದೆ. ಈ ಒಂದು ವಿಷಯ ನೆನಪಿಡಿ, ಮುಂದೆ ತುಂಬಾ ಬೇಕಾಗುತ್ತದೆ.

ಇನ್ನು ಮುಖ್ಯವಾದ ಮಾತು. ಈ ದಾರಿಯಲ್ಲಿ ಕೂತ ಧೂಳೆಲ್ಲ ಚುಕ್ಕಿಯಾಗಿ ಕಾಣುವುದಿಲ್ಲ. ಚಿತ್ರ ಫೋಕಸ್ ಆಗುವ ಜಾಗದಲ್ಲಿ, ಅಥವಾ ಅದಕ್ಕೆ ತೀರಾ ಹತ್ತಿರದಲ್ಲಿ ಕೂತದ್ದು ಮಾತ್ರ ಚುಕ್ಕಿಯಾಗುತ್ತದೆ. ಅಂಥ ಜಾಗಗಳು ಮುಖ್ಯವಾಗಿ ಎರಡು: ಒಂದು ಪರದೆ, ಇನ್ನೊಂದು ಚಿತ್ರ ಹುಟ್ಟುವ ಚಿಪ್ ಅಥವಾ ಪ್ಯಾನೆಲ್. ನಡುವಿನ ಲೆನ್ಸ್ ಮತ್ತು ದೊಡ್ಡ ಕನ್ನಡಿಯ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳಿದ್ದರೂ ಅದು ಚುಕ್ಕಿಯಾಗಿ ಬರುವುದಿಲ್ಲ. ಚಿತ್ರ ಮಂಕಾಗುತ್ತದೆ, ಕಪ್ಪು ಬೂದಿಯಾಗುತ್ತದೆ, ಬಿಳಿ ಅಕ್ಷರಗಳ ಸುತ್ತ ಹೊಗೆಯಂಥ ಪ್ರಭೆ ಬರುತ್ತದೆ, ಅಷ್ಟೇ. ಚುಕ್ಕಿ ತೆಗೆಯಲೆಂದು ಹೋಗಿ ದೊಡ್ಡ ಕನ್ನಡಿ ಒರೆಸಿ ಹಾಳು ಮಾಡಿಕೊಂಡವರು ಬಹಳ ಜನ. ಅದು ಮನೆಯ ಕನ್ನಡಿಯಂತಲ್ಲ, ಅದರ ಲೋಹದ ಲೇಪ ಗಾಜಿನ ಮುಂಭಾಗದಲ್ಲೇ ಇರುತ್ತದೆ. ಕೆಲವು ಸೆಟ್‌ಗಳಲ್ಲಂತೂ ಗಾಜೇ ಇಲ್ಲ, ಚೌಕಟ್ಟಿಗೆ ಬಿಗಿದು ಕಟ್ಟಿದ ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ. ಚುಕ್ಕಿಯ ದೂರಿಗೆ ಕನ್ನಡಿಯನ್ನು ಮುಟ್ಟಲೇಬೇಡಿ.

ಚಿಪ್ ಹತ್ತಿರದ ಧೂಳು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. ಪ್ಯಾನೆಲ್ 0.7 ಇಂಚು, ಪರದೆ 50 ಇಂಚು ಅಂದರೆ ಸುಮಾರು 70 ಪಟ್ಟು ಹಿಗ್ಗುತ್ತದೆ. ಒಂದು ಕೂದಲಿನ ದಪ್ಪ 0.07 ಮಿಲಿಮೀಟರ್ ಅಂದುಕೊಂಡರೆ ಪರದೆಯ ಮೇಲೆ ಅದು 5 ಮಿಲಿಮೀಟರ್ ದಪ್ಪದ ಹಗ್ಗ. ಒಳಗೆ ಇಣುಕಿದಾಗ ಕಣ್ಣಿಗೇ ಬೀಳದ ಕಣ ಹೊರಗೆ ಕಡಲೆಕಾಳಿನಷ್ಟು ಕಲೆಯಾಗುವುದು ಹೀಗೆ.

ಪರೀಕ್ಷೆಗಳು

ಟಿವಿ ಆರಿಸಿ. ಕೋಣೆಯನ್ನು ಕತ್ತಲೆ ಮಾಡಿ. ಟಾರ್ಚನ್ನು ಪರದೆಯ ಪಕ್ಕಕ್ಕೆ ಹಿಡಿದು ಬೆಳಕು ಓರೆಯಾಗಿ ಸವರಿಕೊಂಡು ಹೋಗುವಂತೆ ಮಾಡಿ. ಚುಕ್ಕಿಯ ಜಾಗ ಮೊದಲೇ ಗೊತ್ತಿರಲಿ: ಟಿವಿ ಆನ್ ಇದ್ದಾಗಲೇ ಚೌಕಟ್ಟಿನ ಮೇಲೆ ಮತ್ತು ಪಕ್ಕದಲ್ಲಿ ಸಣ್ಣ ಕಾಗದದ ಚೂರು ಅಂಟಿಸಿ ಗುರುತು ಮಾಡಿಕೊಳ್ಳಿ, ಪರದೆಯ ಮೇಲೆ ಅಂಟಿಸಬೇಡಿ. ಈಗ ಅದೇ ಜಾಗದಲ್ಲಿ ಏನಾದರೂ ಕಂಡರೆ ಚುಕ್ಕಿ ಪರದೆಯಲ್ಲಿದೆ. ಏನೂ ಕಾಣದಿದ್ದರೆ ಬಹುತೇಕ ಒಳಗಿದೆ. ಅರ್ಧ ಕೆಲಸ ಈ ಒಂದೇ ಪರೀಕ್ಷೆಯಲ್ಲಿ ಮುಗಿಯಿತು.

ಆದರೂ ಒಂದೇ ಸಾಕ್ಷಿ ನಂಬಬೇಡಿ. ಮತ್ತೆ ಆನ್ ಮಾಡಿ ಟಿವಿಯ ಸ್ವಂತ ಮೆನು ತೆರೆಯಿರಿ. ಮೆನು ಚುಕ್ಕಿಯನ್ನು ಮುಚ್ಚಿಬಿಟ್ಟರೆ ದೋಷ ಟಿವಿಯದ್ದೇ ಅಲ್ಲ, ಸಿಗ್ನಲ್ ಕೊಡುತ್ತಿರುವ ಪೆಟ್ಟಿಗೆ ಅಥವಾ ಕೇಬಲ್‌ನದ್ದು. ಇನ್ನೊಂದು ಇನ್‌ಪುಟ್‌ಗೆ ಬದಲಾಯಿಸಿ ನೋಡಿದರೆ ಖಾತ್ರಿಯಾಗುತ್ತದೆ. ಮೆನುವಿನ ಮೇಲೂ ಚುಕ್ಕಿ ಅಲ್ಲೇ ಕೂತಿದ್ದರೆ ಮುಂದುವರಿಯಿರಿ.

ಈಗ ಬಣ್ಣದ ಪರೀಕ್ಷೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪು, ಹಸಿರು, ನೀಲಿ, ಹೀಗೆ ಐದು ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಮಾಡಿಕೊಂಡು ಒಂದೊಂದಾಗಿ ತೋರಿಸಿ. ಪ್ರತಿಯೊಂದರಲ್ಲೂ ಚುಕ್ಕಿ ಯಾವ ಬಣ್ಣ, ಅಂಚು ಚೂಪೋ ಮಸುಕೋ, ದುಂಡಗೋ ಚೌಕವೋ ಬರೆದಿಟ್ಟುಕೊಳ್ಳಿ. ಸುಮ್ನೆ ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಅನ್ನಬೇಡಿ, ಮೂರನೇ ಬಣ್ಣಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಕೊನೆಗೆ ಒಂದು ಭೂತಗನ್ನಡಿ ಹಿಡಿದು ಹತ್ತಿರದಿಂದ ನೋಡಿ.

ಬರೆದದ್ದನ್ನು ಓದುವುದು ಹೀಗೆ. ಕಪ್ಪು ಚಿತ್ರದಲ್ಲಿ ಚೂಪಾದ ಅಂಚಿನ ಬಿಳಿ ಚುಕ್ಕಿ, ಬೇರೆ ಬಣ್ಣಗಳಲ್ಲೂ ಬಿಳಿಯಾಗೇ ಉಳಿಯುತ್ತದೆ ಅಂದರೆ ಡಿಎಲ್‌ಪಿ ಚಿಪ್‌ನ ಪುಟಾಣಿ ಕನ್ನಡಿ ಸಿಕ್ಕಿಕೊಂಡಿದೆ. ಎಲ್ಲ ಬಣ್ಣಗಳಲ್ಲೂ ಕಪ್ಪಾಗಿ, ಅಂಚು ಮಸುಕಾಗಿ ಕಂಡರೆ ಬೆಳಕಿನ ದಾರಿಯಲ್ಲಿ ಧೂಳು. ಬಿಳಿಯ ಮೇಲೆ ಬಣ್ಣದ ಕಲೆಯಾಗಿ ಕಂಡು, ಕೆಂಪು ಹಸಿರು ನೀಲಿಯಲ್ಲಿ ಒಂದರಲ್ಲಿ ಮಾತ್ರ ಕಪ್ಪಾದರೆ ಅದು ಬಣ್ಣಕ್ಕೊಂದರಂತೆ ಮೂರು ಪ್ಯಾನೆಲ್‌ನ ಸೆಟ್ಟು (ಎಲ್‌ಸಿಡಿ ಅಥವಾ ಎಲ್‌ಕಾಸ್), ದೋಷ ಆ ಒಂದು ಬಣ್ಣದ ಪ್ಯಾನೆಲ್‌ನ ಹತ್ತಿರ. ಬಿಳಿಯ ಮೇಲಿನ ಕಲೆಯ ಬಣ್ಣವೇ ಸುಳಿವು ಕೊಡುತ್ತದೆ: ನೇರಳೆಗೆಂಪು ಕಂಡರೆ ಹಸಿರು ಕಾಣೆಯಾಗಿದೆ, ಹಳದಿ ಕಂಡರೆ ನೀಲಿ ಕಾಣೆಯಾಗಿದೆ, ಹಸಿರುಮಿಶ್ರಿತ ನೀಲಿ ಕಂಡರೆ ಕೆಂಪು ಕಾಣೆಯಾಗಿದೆ.

ಇನ್ನೊಂದು ತಮಾಷೆಯ ಗೊಂದಲ ಇದೆ. ಬಿಳಿ ಆಕಾಶ, ಹಿಮ, ಇಂಥ ದೃಶ್ಯಗಳಲ್ಲಿ ಪರದೆ ತುಂಬಾ ಸಕ್ಕರೆ ಉದುರಿಸಿದಂತೆ ಸಣ್ಣ ಮಿನುಗು ಕಾಣುತ್ತದೆ. ತಲೆ ಅಲುಗಿಸಿ ನೋಡಿ. ಮಿನುಗು ತಲೆಯ ಜೊತೆಗೇ ಸರಿದಾಡಿದರೆ ಅದು ಧೂಳಲ್ಲ, ಪರದೆಯ ಹಾಳೆಗಳ ಗುಣವೇ ಹಾಗೆ. ಹೊಸದಾಗಿದ್ದಾಗಲೂ ಇತ್ತು, ನೀವು ಗಮನಿಸಿರಲಿಲ್ಲ. ಚುಕ್ಕಿ ಹುಡುಕಲು ಶುರು ಮಾಡಿದ ಮೇಲೆ ಎಲ್ಲವೂ ಚುಕ್ಕಿಯಾಗಿ ಕಾಣುತ್ತದೆ ಅಲ್ವಾ?

ಪರದೆಯ ಮುಂಭಾಗದಲ್ಲಿದ್ದರೆ

ಟಾರ್ಚ್ ಬೆಳಕಿನಲ್ಲಿ ಚುಕ್ಕಿ ಕಂಡಿದ್ದರೆ ಅದು ಹೊರಮೈಯಲ್ಲಿದೆಯೋ ಹಾಳೆಗಳ ನಡುವೆ ಇದೆಯೋ ತಿಳಿಯಬೇಕು. ಬೆರಳ ತುದಿಗೆ ಉಬ್ಬು ಸಿಕ್ಕರೆ ಹೊರಗಿದೆ. ಸಿಗದಿದ್ದರೆ ಒಂದು ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಸರಿಸಿ. ಚುಕ್ಕಿ ಹೊರಮೈಗೆ ಅಂಟಿಕೊಂಡೇ ಇದೆಯೋ, ಏಣುಗಳ ಹಿಂದೆ ಜಾರಿದಂತೆ ಕಾಣುತ್ತದೋ ನೋಡಿ. ಜಾರಿದರೆ ಒಳಗಿದೆ.

ಹೊರಗಿರುವುದಕ್ಕೆ ಸಿಗಬೇಕಾದ ಔಷಧಿ ಶಕ್ತಿಯಲ್ಲ, ಸಮಯ. ಟಿವಿ ಆರಿಸಿ ಪರದೆ ತಣ್ಣಗಾಗಲು ಬಿಡಿ. ಮೊದಲು ಮೆತ್ತನೆಯ ಬ್ರಷ್‌ನಿಂದ ಅಥವಾ ಕ್ಯಾಮೆರಾದ ರಬ್ಬರ್ ಬ್ಲೋಯರ್‌ನಿಂದ ಸಡಿಲ ಧೂಳು ತೆಗೆಯಿರಿ. ಈ ಹೆಜ್ಜೆ ಬಿಟ್ಟು ನೇರವಾಗಿ ಒರೆಸಿದರೆ ಮರಳಿನ ಕಣವನ್ನೇ ಪರದೆಯ ಮೇಲೆ ಎಳೆದಂತೆ. ಆಮೇಲೆ ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಚುಕ್ಕಿಯ ಮೇಲೆ ಒತ್ತದೆ ಹಾಗೇ ಇಟ್ಟುಕೊಂಡು ಎರಡು ಮೂರು ನಿಮಿಷ ಕಾಯಿರಿ. ಒಣಗಿ ಅಂಟಿದ ಹುಳು, ಎಂಜಲ ಹನಿ, ಕಾಫಿಯ ಕಲೆ ಇವೆಲ್ಲ ನೆನೆದರೆ ತಾವಾಗಿ ಬಿಡುತ್ತವೆ. ಬಿಡಲಿಲ್ಲವೇ? ಮತ್ತೆ ನೆನೆಸಿ. ಮೂರು ಸಲ ನೆನೆಸಿದರೂ ಬಿಡದಿದ್ದರೆ ನೀರಿಗೆ ಪಾತ್ರೆ ತೊಳೆಯುವ ಮೆದು ಸೋಪಿನ ಒಂದೆರಡು ಹನಿ ಸೇರಿಸಿ ಅದೇ ರೀತಿ ಮಾಡಿ, ಕೊನೆಗೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆಯಿರಿ.

ಒರೆಸುವ ದಿಕ್ಕು ಮೇಲಿನಿಂದ ಕೆಳಗೆ. ದುಂಡಗೆ ಸುತ್ತಿಸುವ ಅಭ್ಯಾಸ ಎಲ್ಲರಿಗೂ ಇದೆ, ಅದನ್ನು ಇಲ್ಲಿ ಬಿಡಬೇಕು. ಏಣುಗಳು ಉದ್ದಕ್ಕೆ ಇರುವುದರಿಂದ ಅಡ್ಡ ಒರೆಸಿದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ, ಕೊಳೆ ಏಣುಗಳ ಸಂದಿಗೆ ತುಂಬುತ್ತದೆ.

ನೀರನ್ನು ಪರದೆಗೆ ನೇರವಾಗಿ ಸಿಂಪಡಿಸಬೇಡಿ. ಹನಿ ಜಾರಿ ಕೆಳಗಿನ ಅಂಚಿಗೆ ಹೋಗುತ್ತದೆ. ಅಲ್ಲಿಂದ ಎರಡು ಹಾಳೆಗಳ ನಡುವೆ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ, ತಾನಾಗಿಯೇ ಮೇಲೆ ಏರುತ್ತದೆ. ಒಣಗಿದ ಮೇಲೆ ನಕಾಶೆಯಂಥ ಕಲೆ ಉಳಿಯುತ್ತದೆ. ಒಂದು ಚುಕ್ಕಿ ತೆಗೆಯಲು ಹೋಗಿ ಒಂದು ದ್ವೀಪವನ್ನೇ ಪಡೆದಂತಾಗುತ್ತದೆ, ಅದನ್ನು ತೆಗೆಯಲು ಪರದೆಯನ್ನೇ ಬಿಚ್ಚಬೇಕು.

ಅಮೋನಿಯಾ ಇರುವ ಗಾಜಿನ ಕ್ಲೀನರ್, ಉಗುರಿನ ಬಣ್ಣ ತೆಗೆಯುವ ಅಸಿಟೋನ್, ಥಿನ್ನರ್, ಸ್ಪಿರಿಟ್ ಯಾವುದೂ ಬೇಡ. ಇದು ಗಾಜಲ್ಲ, ಪ್ಲಾಸ್ಟಿಕ್. ಅಸಿಟೋನ್ ಅಕ್ರಿಲಿಕ್ಕನ್ನು ಕರಗಿಸಿಯೇ ಬಿಡುತ್ತದೆ. ಆಲ್ಕೋಹಾಲ್ ತಕ್ಷಣಕ್ಕೆ ಏನೂ ಮಾಡದಂತೆ ಕಂಡರೂ ಆಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕು ತರಬಹುದು. ಕಾಗದದ ಟವೆಲ್ ಮರದ ನಾರಿನದು, ಅದೂ ಗೀರುತ್ತದೆ. ಉಗುರು, ಬ್ಲೇಡು, ಪ್ಲಾಸ್ಟಿಕ್ ಕಾರ್ಡಿನ ಅಂಚು ಇವುಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಸ್ಟಿಕ್ಕರಿನ ಅಂಟು ಉಳಿದಿದ್ದರೆ, ಮುಂದೆ ನುಣುಪಾದ ರಕ್ಷಣೆಯ ಹಾಳೆ ಇದ್ದಾಗ ಮಾತ್ರ, ನ್ಯಾಫ್ತಾವನ್ನು (ಲೈಟರ್‌ಗೆ ತುಂಬುವಂಥ ಪೆಟ್ರೋಲಿಯಂ ದ್ರವ) ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ ಬಳಸಬಹುದು. ಅದು ಬೆಂಕಿ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ಟಿವಿಯ ಪ್ಲಗ್ ಕಿತ್ತಿರಲಿ, ಕಿಟಕಿ ತೆರೆದಿರಲಿ. ತರಿತರಿ ಇರುವ ಹಾಳೆಯ ಮೇಲೆ ಇದೂ ಬೇಡ.

ಒಂದು ಕೆಟ್ಟ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಅನೇಕ ಲೆಂಟಿಕ್ಯುಲರ್ ಹಾಳೆಗಳ ಮುಂಭಾಗದಲ್ಲಿ ಏಣುಗಳ ನಡುವೆ ಕಪ್ಪು ಪಟ್ಟಿಗಳ ಲೇಪ ಇರುತ್ತದೆ. ಕೋಣೆಯ ಬೆಳಕನ್ನು ಹೀರಿಕೊಂಡು ಕಪ್ಪನ್ನು ಕಪ್ಪಾಗಿ ತೋರಿಸುವುದು ಅದರ ಕೆಲಸ. ತಿಕ್ಕಿದರೆ ಅದು ಏಳುತ್ತದೆ. ಆಗ ಉಳಿಯುವ ಮಿಂಚುವ ಗೀರು ಕೊಳೆಯಲ್ಲ, ಹೋದ ಬಣ್ಣ. ಅದಕ್ಕೆ ಹಾಳೆ ಬದಲಿಸುವುದೊಂದೇ ದಾರಿ. ನನ್ನ ಅಂಗೈ ಅಗಲದ ಮಂಕು ಇಂಥದ್ದೇ ಕಥೆ.

ಹಾಳೆಗಳ ನಡುವೆ ಸಿಕ್ಕಿಕೊಂಡದ್ದು

ಹಟಮಾರಿ ಚುಕ್ಕಿಗಳಲ್ಲಿ ನನಗೆ ಹೆಚ್ಚು ಸಿಕ್ಕಿರುವುದು ಇವೇ. ಬೆಳಕಿಗೆ ಬಂದ ಸಣ್ಣ ಹುಳು ಅಂಚಿನ ಸಂದಿಯಿಂದ ನುಗ್ಗಿ ಫ್ರೆನೆಲ್ ಮತ್ತು ಲೆಂಟಿಕ್ಯುಲರ್ ನಡುವೆ ಸಾಯುತ್ತದೆ. ಒಂದು ಸೆಟ್‌ನಲ್ಲಿ ಬೆಳಿಗ್ಗೆ ಒಂದು ಕಡೆ ಇದ್ದ ಚುಕ್ಕಿ ರಾತ್ರಿ ಇನ್ನೊಂದು ಕಡೆ ಇರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅದಿನ್ನೂ ಬದುಕಿತ್ತು. ಅಂಥದ್ದನ್ನು ಹೊರಗಿನಿಂದ ಒತ್ತಿ ಸಾಯಿಸಬೇಡಿ. ಸತ್ತ ಹುಳುವಿಗಿಂತ ಅರೆದ ಹುಳುವನ್ನು ತೆಗೆಯುವುದು ಹತ್ತು ಪಾಲು ಕಷ್ಟ.

ಮೊದಲು ಸುಲಭದ ಪ್ರಯತ್ನ. ಚುಕ್ಕಿಯ ಸುತ್ತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸಡಿಲವಾದ ಕಣ ಒಮ್ಮೊಮ್ಮೆ ಜಾರಿ ಕೆಳಗಿನ ಅಂಚಿಗೆ ಬೀಳುತ್ತದೆ. ಸ್ಥಿರ ವಿದ್ಯುತ್ತಿನಿಂದ ಅಂಟಿದ್ದು ಹೀಗೆ ಬೀಳುವುದಿಲ್ಲ. ಹತ್ತು ಸಲ ತಟ್ಟಿಯೂ ಅಲುಗದಿದ್ದರೆ ಪರದೆ ಬಿಚ್ಚಬೇಕು.

ಇದು ಒಬ್ಬರ ಕೆಲಸವಲ್ಲ, ಇನ್ನೊಬ್ಬರನ್ನು ಕರೆಯಿರಿ. ಪ್ಲಗ್ ಕೀಳಿ. ದೀಪದ ಸೆಟ್ಟಾದರೆ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ಅದು ತಾನಾಗಿ ನಿಂತ ಮೇಲೇ ಪ್ಲಗ್ ಕೀಳಬೇಕು, ಆಮೇಲೂ ಒಂದು ಗಂಟೆ ತಣಿಯಲು ಬಿಡಿ. ಕೋಣೆಯ ಫ್ಯಾನ್ ಆರಿಸಿ. ನೆಲಕ್ಕೆ ಶುಭ್ರವಾದ ಹತ್ತಿಯ ಹಾಸು ಹಾಸಿ. ಗಾಳಿಯಲ್ಲಿ ಸ್ವಲ್ಪ ತೇವ ಇರುವ ದಿನ ಒಳ್ಳೆಯದು, ಒಣ ಹವೆಯಲ್ಲಿ ಪ್ಲಾಸ್ಟಿಕ್ ಹಾಳೆ ಧೂಳನ್ನು ಅಯಸ್ಕಾಂತದಂತೆ ಎಳೆಯುತ್ತದೆ.

ಪರದೆಯ ಚೌಕಟ್ಟನ್ನು ಹಿಡಿದಿರುವ ಸ್ಕ್ರೂಗಳು ಸಾಮಾನ್ಯವಾಗಿ ಮುಂದಿನ ಕೆಳಪಟ್ಟಿಯ ಹಿಂದೆ ಅಥವಾ ಪಕ್ಕಗಳಲ್ಲಿ ಇರುತ್ತವೆ. ಬಿಚ್ಚಿದ ಕ್ರಮದಲ್ಲೇ ಫೋಟೋ ತೆಗೆದುಕೊಳ್ಳಿ. ಚೌಕಟ್ಟು ಹೊರಗೆ ಬಂದ ತಕ್ಷಣ ತೆರೆದ ಪೆಟ್ಟಿಗೆಯ ಬಾಯಿಗೆ ಒಂದು ಬೆಡ್‌ಶೀಟ್ ಮುಚ್ಚಿ. ಇಲ್ಲದಿದ್ದರೆ ಇಲ್ಲಿ ಒಂದು ಚುಕ್ಕಿ ತೆಗೆಯುವಷ್ಟರಲ್ಲಿ ಅಲ್ಲಿ ಹತ್ತು ಹೋಗಿ ಕೂತಿರುತ್ತವೆ.

ಹತ್ತಿಯ ಕೈಗವಸು ಹಾಕಿಕೊಳ್ಳಿ. ಹಾಳೆಗಳ ಅಂಚಿಗೆ ಟೇಪ್ ಸುತ್ತಿರುತ್ತಾರೆ. ಅದನ್ನು ಬಿಡಿಸುವ ಮೊದಲು ಪ್ರತಿ ಹಾಳೆಯ ಮೂಲೆಯಲ್ಲಿ, ಚಿತ್ರ ಬೀಳದ ಅಂಚಿನಲ್ಲಿ, ಯಾವುದು ಮೇಲು, ಯಾವ ಮುಖ ನೋಡುವವರ ಕಡೆಗೆ ಅಂತ ಗುರುತು ಹಾಕಿ. ಇದು ಉದಾಸೀನ ಮಾಡುವ ಹೆಜ್ಜೆಯಲ್ಲ. ಬಿಚ್ಚಿದ ಮೇಲೆ ಯಾವ ಮುಖ ಯಾವ ಕಡೆಗಿತ್ತು ಅಂತ ಹೇಳುವುದು ಕಷ್ಟ, ಫ್ರೆನೆಲ್ಲನ್ನು ತಿರುಗಿಸಿ ಹಾಕಿದರೆ ಚಿತ್ರದ ಮೂಲೆಗಳು ಕತ್ತಲಾಗುತ್ತವೆ.

ಪೂರ್ತಿ ಬೇರ್ಪಡಿಸಬೇಕಾಗಿಲ್ಲ. ಚುಕ್ಕಿಗೆ ಹತ್ತಿರದ ಅಂಚನ್ನು ಮಾತ್ರ ಬಿಡಿಸಿ, ಪುಸ್ತಕದ ಹಾಳೆಯಂತೆ ಸ್ವಲ್ಪ ತೆರೆದು, ರಬ್ಬರ್ ಬ್ಲೋಯರ್‌ನಿಂದ ಊದಿ. ಹಾಳೆಗಳನ್ನು ಒಂದರ ಮೇಲೊಂದು ಎಳೆಯಬೇಡಿ, ಗೀರು ಗೀರಿಗೆ ಉಜ್ಜಿದರೆ ಎರಡೂ ಹಾಳು. ಡಬ್ಬಿಯ ಗಾಳಿ ಬಳಸುವುದಾದರೆ ಡಬ್ಬಿ ನೆಟ್ಟಗಿರಲಿ, ಓರೆ ಮಾಡಿದರೆ ಒಳಗಿನ ದ್ರವ ಚಿಮ್ಮಿ ಬಿಳಿ ಕಲೆ ಮಾಡುತ್ತದೆ. ಊದಿದರೆ ಹೋಗದ ಹುಳುವಿಗೆ ಮೆತ್ತನೆಯ ಬ್ರಷ್. ಫ್ರೆನೆಲ್ ಗೀರಿನ ಮುಖವನ್ನು ಬಟ್ಟೆಯಿಂದ ಒರೆಸಬೇಡಿ. ಅದರ ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಬಟ್ಟೆ ಬಿಟ್ಟ ಒಂದು ಎಳೆ ಹಳೆಯ ಚುಕ್ಕಿಗಿಂತ ದೊಡ್ಡ ತಲೆನೋವು. ಅಲ್ಲಿ ಅಂಟಿ ಒಣಗಿದ ಕಲೆಯಿದ್ದರೆ ಬ್ರಷ್ಷನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಗೀರಿನ ಬಾಗಿಗೆ ತಕ್ಕಂತೆ ಸವರಿ, ಒಣಗಲು ಬಿಡಿ.

ಡಿಎಲ್‌ಪಿ ಚಿಪ್‌ನ ಚುಕ್ಕಿ

ಈ ಚಿಪ್ಪನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದರು. ಅದರ ಮೇಲೆ ಲಕ್ಷಗಟ್ಟಲೆ ಪುಟಾಣಿ ಕನ್ನಡಿಗಳಿರುತ್ತವೆ. ಒಂದೊಂದೂ ಕೂದಲಿನ ದಪ್ಪಕ್ಕಿಂತ ಚಿಕ್ಕದು. ಪ್ರತಿಯೊಂದೂ ಒಂದು ಕಡೆಗೆ ವಾಲಿದರೆ ಬೆಳಕು ಲೆನ್ಸಿಗೆ, ಇನ್ನೊಂದು ಕಡೆಗೆ ವಾಲಿದರೆ ಬೆಳಕು ಕತ್ತಲೆಗೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ವಾಲಾಡುತ್ತಲೇ ಇರಬೇಕು. ವರ್ಷಗಳ ಬಿಸಿಯಲ್ಲಿ ಕೆಲವು ಸಿಕ್ಕಿಕೊಳ್ಳುತ್ತವೆ. ಲೆನ್ಸಿನ ಕಡೆಗೆ ಸಿಕ್ಕಿಕೊಂಡರೆ ಸದಾ ಬಿಳಿ, ಕತ್ತಲೆಯ ಕಡೆಗಾದರೆ ಸದಾ ಕಪ್ಪು.

ಗುರುತು ಸುಲಭ. ಚುಕ್ಕಿಯ ಅಳತೆ ಒಂದು ಪಿಕ್ಸೆಲ್‌ನಷ್ಟೇ ಇರುತ್ತದೆ. 50 ಇಂಚಿನ ಪರದೆಯಲ್ಲಿ 1280 ಪಿಕ್ಸೆಲ್ ಅಗಲದ ಚಿತ್ರವಾದರೆ ಒಂದು ಪಿಕ್ಸೆಲ್ ಸುಮಾರು 0.86 ಮಿಲಿಮೀಟರ್. ಹಲವು ಡಿಎಲ್‌ಪಿ ಟಿವಿಗಳಲ್ಲಿ ಕನ್ನಡಿಗಳ ಸಂಖ್ಯೆ ಪಿಕ್ಸೆಲ್‌ಗಳ ಅರ್ಧದಷ್ಟೇ. 1080ಪಿ (1920ಕ್ಕೆ 1080 ಪಿಕ್ಸೆಲ್) ಅಂದರೂ ಚಿಪ್‌ನಲ್ಲಿ 960ಕ್ಕೆ 1080 ಕನ್ನಡಿಗಳು ಮಾತ್ರ, ಚಿತ್ರವನ್ನು ಅತಿ ವೇಗವಾಗಿ ಅರ್ಧ ಪಿಕ್ಸೆಲ್ ಅಲುಗಿಸಿ ಒಂದೇ ಕನ್ನಡಿಯಿಂದ ಎರಡು ಪಿಕ್ಸೆಲ್ ಕೆಲಸ ತೆಗೆಯುತ್ತಾರೆ. ಅಂಥ ಸೆಟ್‌ನಲ್ಲಿ ಸಿಕ್ಕಿಕೊಂಡ ಕನ್ನಡಿ ಎರಡು ಪಿಕ್ಸೆಲ್ ಜಾಗಕ್ಕೆ ಹರಡಿದಂತೆ ಕಾಣುತ್ತದೆ.

ಇದಕ್ಕೆ ಒರೆಸುವ ಮದ್ದಿಲ್ಲ. ಕನ್ನಡಿಗಳು ಗಾಜಿನ ಮುಚ್ಚಳದ ಕೆಳಗೆ ಬಿಗಿಯಾಗಿ ಮುಚ್ಚಿಹೋಗಿವೆ. ಟಿವಿಯ ಬೆನ್ನಿಗೆ ಗುದ್ದಿದರೆ ಸರಿಹೋಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ, ಗುದ್ದಿ ದೀಪ ಒಡೆದುಕೊಂಡರೆ ಅದರೊಳಗಿನ ಪಾದರಸದ ಆವಿ ಇನ್ನೊಂದು ತಾಪತ್ರಯ. ಚುಕ್ಕಿ ಒಂದೇ ಆಗಿದ್ದು ತಿಂಗಳುಗಟ್ಟಲೆ ಒಂದೇ ಉಳಿದರೆ ಸುಮ್ಮನಿರಿ, ಎರಡು ಹೆಜ್ಜೆ ಹಿಂದೆ ಕೂತು ನೋಡಿ. ವಾರಕ್ಕೊಮ್ಮೆ ಎಣಿಸಿ ಬರೆದಿಡಿ. ಇವತ್ತು 3, ಮುಂದಿನ ವಾರ 11, ಆಮೇಲೆ ನಕ್ಷತ್ರದ ಆಕಾಶ ಅಂದರೆ ಚಿಪ್ ಸಾಯುತ್ತಿದೆ.

ಚಿಪ್ ಬದಲಿಸುವುದು ಕೈ ನಡುಗದವರಿಗೆ ಅಸಾಧ್ಯವೇನಲ್ಲ. ಲೈಟ್ ಎಂಜಿನ್ ಅನ್ನು (ಚಿಪ್ ಮತ್ತು ಲೆನ್ಸ್ ಕೂತಿರುವ ಭಾಗ) ಪೂರ್ತಿಯಾಗಿ ಹೊರಗೆ ಎಳೆದುಕೊಂಡು, ಚಿಪ್‌ನ ಬೆನ್ನಿನಲ್ಲಿ ಬಿಸಿ ಹೀರುವ ಲೋಹದ ತುಂಡು, ಹೀಟ್‌ಸಿಂಕ್, ಬಿಚ್ಚಿ, ಹಳೆಯದರ ಮೇಲಿನ ನಂಬರ್‌ಗೆ ಸರಿಯಾಗಿ ಹೊಂದುವ ಹೊಸ ಚಿಪ್ ಕೂರಿಸಬೇಕು. ಸ್ಥಿರ ವಿದ್ಯುತ್ ತಡೆಯುವ ಪಟ್ಟಿ ಕೈಗೆ ಕಟ್ಟಿಕೊಳ್ಳಿ. ಹೀಟ್‌ಸಿಂಕ್‌ಗೆ ಹೊಸ ಥರ್ಮಲ್ ಪೇಸ್ಟ್ ತೆಳುವಾಗಿ ಹಚ್ಚಿ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಸದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ, ಇಲ್ಲದಿದ್ದರೆ ಚಿಪ್ ಓರೆಯಾಗಿ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಸೋನಿ ರಿಯರ್ ಪ್ರೊಜೆಕ್ಷನ್ ಟಿವಿಗಳನ್ನೇ ನಿಲ್ಲಿಸುತ್ತೇವೆ ಅಂದದ್ದು 2007ರ ಡಿಸೆಂಬರ್‌ನಲ್ಲಿ. ಕೊನೆಯವರೆಗೂ ಉಳಿದಿದ್ದ ಮಿತ್ಸುಬಿಷಿ 2012ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಹಾಗಾಗಿ ಬಿಡಿಭಾಗಗಳಲ್ಲಿ ಹಳೆಯ ಸೆಟ್‌ನಿಂದ ಕಿತ್ತವೇ ಜಾಸ್ತಿ. ದೀಪದ ಡಬ್ಬಿಯನ್ನು ಹಾಗೆ ತಂದರೆ ನಡೆಯುತ್ತದೆ, ಚಿಪ್ ಬೇಡ. ಅದೂ ನಿಮ್ಮದರಷ್ಟೇ ಬಿಸಿ ತಿಂದಿರುತ್ತದೆ. ಹೊಸ ಚಿಪ್ ಹಾಕಿದ ಮೇಲೂ ಫ್ಯಾನ್ ಮತ್ತು ಗಾಳಿಯ ದಾರಿಯ ಧೂಳು ತೆಗೆಯದಿದ್ದರೆ ಮತ್ತೆ ಅದೇ ಪಾಡು.

ಡಿಎಲ್‌ಪಿಯಲ್ಲೇ ಇನ್ನೊಂದು ಬಗೆಯ ಚುಕ್ಕಿ ಇದೆ: ಬಿಳಿಯ ಮೇಲೆ ಕಪ್ಪು, ಅಂಚು ಮಸುಕು. ದೀಪದ ಬೆಳಕಿಗೆ ಒಂದೊಂದೇ ಬಣ್ಣ ಕೊಡುತ್ತಾ ತಿರುಗುವ ಬಣ್ಣದ ಚಕ್ರ ದಾಟಿದ ಬೆಳಕು ಒಂದು ಸಣ್ಣ ಗಾಜಿನ ಕೊಳವೆಯಲ್ಲಿ ಹೋಗಿ ಸಮನಾಗಿ ಬೆರೆಯುತ್ತದೆ. ಆ ಕೊಳವೆಯ ತುದಿಯ ಬಿಂಬವೇ ಚಿಪ್ ಮೇಲೆ ಬೀಳುವುದು. ಅಲ್ಲಿ ಕೂತ ಧೂಳು ಹಾಗಾಗಿ ಚುಕ್ಕಿಯಾಗುತ್ತದೆ. ಚಿಪ್‌ನ ಗಾಜಿನ ಮುಚ್ಚಳದ ಮೇಲಿನ ಧೂಳೂ ಹೀಗೇ ಕಾಣುತ್ತದೆ. ಇವೆರಡಕ್ಕೂ ರಬ್ಬರ್ ಬ್ಲೋಯರ್ ಸಾಕು. ಬಣ್ಣದ ಚಕ್ರಕ್ಕೆ ಮಾತ್ರ ಬೆರಳು ತಾಗಿಸಬೇಡಿ, ಅದರ ಗಾಜಿನ ಚೂರುಗಳು ಅಂಟಿನಿಂದ ನಿಂತಿವೆ.

ಮೂರು ಪ್ಯಾನೆಲ್‌ನ ಸೆಟ್‌ಗಳು

ಎಲ್‌ಸಿಡಿಯಲ್ಲಿ ಬಣ್ಣದ ಪರೀಕ್ಷೆ ಈಗಾಗಲೇ ಪ್ಯಾನೆಲ್ ಯಾವುದೆಂದು ಹೇಳಿದೆ. ಕಪ್ಪು ದೃಶ್ಯದಲ್ಲಿ ಮಸುಕಾದ ಹಸಿರು ಅಥವಾ ನೀಲಿ ಮೋಡದಂಥ ಚುಕ್ಕಿ ಕಂಡರೆ ಅದೂ ಧೂಳೇ. ಪ್ಯಾನೆಲ್ ಹತ್ತಿರದ ಕಣ ಬೆಳಕನ್ನು ಚೆದುರಿಸಿ, ತಡೆಯಬೇಕಾದ ಬೆಳಕು ಸೋರುವಂತೆ ಮಾಡುತ್ತದೆ. ಟಿವಿ ಆರಿಸಿ, ತಣಿದ ಮೇಲೆ, ಪ್ಯಾನೆಲ್‌ಗಳು ಕೂತಿರುವ ಆಪ್ಟಿಕಲ್ ಬ್ಲಾಕ್‌ನ ಗಾಳಿಯ ಸಂದಿಯಿಂದ ಬ್ಲೋಯರ್‌ನಲ್ಲಿ ಊದಿ. ಪ್ಯಾನೆಲ್‌ಗಳ ಸ್ಕ್ರೂ ಮುಟ್ಟಬೇಡಿ, ಮೂರು ಬಣ್ಣಗಳು ಒಂದರ ಮೇಲೊಂದು ಕೂರುವಂತೆ ಕಾರ್ಖಾನೆಯಲ್ಲಿ ಪಿಕ್ಸೆಲ್‌ಗಿಂತ ಸೂಕ್ಷ್ಮವಾಗಿ ಹೊಂದಿಸಿರುತ್ತಾರೆ. ಒಮ್ಮೆ ಜಾರಿದರೆ ಮನೆಯಲ್ಲಿ ಮರಳಿ ಕೂರಿಸಲು ಆಗುವುದಿಲ್ಲ.

ಚುಕ್ಕಿ ದಿನದಿನಕ್ಕೆ ಅಗಲವಾಗುತ್ತಾ, ಅಂಚಿಲ್ಲದ ಹಳದಿ ಅಥವಾ ನೀಲಿ ಕಲೆಯಾಗುತ್ತಿದ್ದರೆ ಅದು ಧೂಳಲ್ಲ. ಬಿಸಿಗೆ ಪೋಲರೈಸರ್, ಅಂದರೆ ಪ್ಯಾನೆಲ್ ಪಕ್ಕದ ಬೆಳಕು ಸೋಸುವ ಹಾಳೆ, ಸುಟ್ಟಿದೆ. ಊದಿ ಪ್ರಯೋಜನವಿಲ್ಲ.

ಸಿಆರ್‌ಟಿ ಸೆಟ್ಟು

ಇಲ್ಲಿ ಪಿಕ್ಸೆಲ್ ಇಲ್ಲ, ಆದ್ದರಿಂದ ಸಿಕ್ಕಿಕೊಂಡ ಪಿಕ್ಸೆಲ್ಲೂ ಇಲ್ಲ. ಪರದೆಯಲ್ಲಿ ಏನೂ ಸಿಗದಿದ್ದರೆ ಬಿಳಿ ಚಿತ್ರ ಹಾಕಿ ಕಲೆಯ ಬಣ್ಣ ನೋಡಿ, ಯಾವ ಟ್ಯೂಬ್ ಅಂತ ಗೊತ್ತಾಗುತ್ತದೆ. ಟ್ಯೂಬ್ ಮತ್ತು ಲೆನ್ಸ್ ನಡುವೆ ತಂಪಿಗೆಂದು ಒಂದು ದ್ರವ ತುಂಬಿರುತ್ತಾರೆ. ಅದರಲ್ಲಿ ತೇಲುವ ಕಸ ಮೆಲ್ಲಗೆ ಜಾಗ ಬದಲಿಸುವ ಮಸುಕು ಚುಕ್ಕಿಯಾಗಿ ಕಾಣುತ್ತದೆ, ಬೂಷ್ಟು ಬೆಳೆದರೆ ಬಲೆಯಂತೆ. ದ್ರವ ಬದಲಿಸಿದರೆ ಸರಿಯಾಗುತ್ತದೆ. ಆದರೆ ಅದು ಎಥಿಲೀನ್ ಗ್ಲೈಕಾಲ್ ಇರುವ ವಿಷ, ರುಚಿಗೆ ಸಿಹಿ, ಮಕ್ಕಳು ಮತ್ತು ಸಾಕುಪ್ರಾಣಿಗಳು ಹತ್ತಿರ ಬರಬಾರದು. ಅದಕ್ಕಿಂತ ಮುಖ್ಯವಾಗಿ ಟ್ಯೂಬ್‌ಗೆ ಹೋಗುವ ವೋಲ್ಟೇಜ್ ಸುಮಾರು 30,000. ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತದೆ. ಆ ಚಾರ್ಜ್ ಇಳಿಸುವ ಅಭ್ಯಾಸ ಇಲ್ಲದವರು ಪರದೆಯ ಹಾಳೆ ತನಕ ಬಂದು ನಿಲ್ಲಬೇಕು, ಮುಂದಿನದನ್ನು ಬಲ್ಲವರಿಗೆ ಬಿಡಬೇಕು.

ಮುಚ್ಚುವ ಮೊದಲು

ಯಾವ ಬಗೆಯ ಸೆಟ್ಟಾದರೂ ಎಲ್ಲ ಸ್ಕ್ರೂ ಬಿಗಿಸುವ ಮೊದಲು ಪರದೆಯನ್ನು ನಾಲ್ಕು ಸ್ಕ್ರೂಗಳಲ್ಲಿ ನಿಲ್ಲಿಸಿ, ಆನ್ ಮಾಡಿ, ಅರ್ಧ ಗಂಟೆ ಬಿಳಿ ಚಿತ್ರ ಬಿಡಿ. ಹಾಳೆಗಳು ಬಿಸಿಗೆ ಸ್ವಲ್ಪ ಹಿಗ್ಗುತ್ತವೆ, ಅಂಚಿನಲ್ಲಿದ್ದ ಧೂಳು ಆಗ ನಡುವಿಗೆ ಬರುವುದುಂಟು. ಬಂದರೆ ಬೈದುಕೊಂಡು ಮತ್ತೆ ಬಿಚ್ಚಿ. ನನಗೆ ಆ ಹುಳುವಿನ ಸೆಟ್‌ನಲ್ಲಿ ಮೂರು ಸಲ ಬಿಚ್ಚಬೇಕಾಯಿತು: ಮೊದಲ ಸಲ ಹುಳು, ಎರಡನೇ ಸಲ ಅದರ ಒಂದು ಕಾಲು, ಮೂರನೇ ಸಲ ನನ್ನದೇ ಕೈಗವಸಿನ ನೂಲು.